ಔಷಧಿ ಸಿಂಪಡಿಸುವ ಡ್ರೋನ್: ಬ್ಯಾಟರಿ ಮತ್ತು ರೇಡಿಯೋ ದೋಷಗಳನ್ನು ಪತ್ತೆ ಹಚ್ಚುವ ಕ್ರಮ

ತೊಗರಿ ಹೂ ಬಿಟ್ಟು ಕಾಯಿ ಕಚ್ಚುವ ಕಾಲದಲ್ಲಿ ಕಾಯಿಕೊರಕದ ಹತೋಟಿ ಒಂದು ವಾರ ತಡವಾದರೆ ಬೆಳೆಯ ಗತಿ ಏನಾಗುವುದೆಂಬುದನ್ನು ಕಲಬುರಗಿ, ಬೀದರ ಭಾಗದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಆ ಹೊತ್ತಿಗೆ ಗಿಡಗಳು ಆಳೆತ್ತರ ಬೆಳೆದು ಸಾಲುಗಳು ಕೂಡಿಕೊಂಡಿರುತ್ತವೆ. ಬೆನ್ನಿಗೆ ಪಂಪು ಹೊತ್ತು ಒಳಗೆ ನುಗ್ಗುವುದು ಕಷ್ಟ. ನುಗ್ಗಿದವನ ಮೈಮೇಲೆಯೇ ಔಷಧಿ ಬೀಳುತ್ತದೆ. ಇಂತಹ ಸಮಯದಲ್ಲಿ ಡ್ರೋನ್ ನಿಜಕ್ಕೂ ಉಪಯುಕ್ತವಾದ ಸಾಧನ. ಆದರೆ ಔಷಧಿ ಕಲಸಿಟ್ಟು ಹೊಲದ ಬದುವಿನಲ್ಲಿ ನಿಂತಾಗ ಯಂತ್ರ ಮೇಲೇಳದಿದ್ದರೆ, ಅಥವಾ ಎದ್ದ ಯಂತ್ರ ಮಾತು ಕೇಳದೆ ತಂತಿಯ ಕಡೆಗೆ ಹೋದರೆ, ಅದರಿಂದಾಗುವ ನಷ್ಟ ಯಂತ್ರದ ಬೆಲೆಗಷ್ಟೇ ಸೀಮಿತವಲ್ಲ. ಕೆಳಗೆ ಜನರಿರುತ್ತಾರೆ, ದನಕರುಗಳಿರುತ್ತವೆ.

ಡ್ರೋನ್ ಕೈಕೊಟ್ಟಾಗ ಬಹುಮಟ್ಟಿಗೆ ಮೊದಲು ನೋಡಬೇಕಾದ ಜಾಗಗಳು ಎರಡು: ಬ್ಯಾಟರಿ ಮತ್ತು ರೇಡಿಯೋ ಸಂಪರ್ಕ. ರಿಮೋಟಿನಿಂದ ಆಟದ ವಿಮಾನ ಹಾರಿಸುವ ಹವ್ಯಾಸಿಗಳು ಬಹಳ ಹಿಂದೆಯೇ ಕಲಿತ ಪಾಠವಿದು. ನಮ್ಮ ಸಿಂಪಡಣಾ ಡ್ರೋನ್ ಕೂಡ ಅದೇ ವಂಶದ ಯಂತ್ರ. ಆದುದರಿಂದ ಅವರು ಅನುಸರಿಸುವ ಪರೀಕ್ಷಾ ಕ್ರಮವನ್ನೇ ನಮ್ಮ ಹೊಲಕ್ಕೆ ಹೊಂದಿಸಿಕೊಂಡು ಇಲ್ಲಿ ವಿವರಿಸಲಾಗಿದೆ.

ಬ್ಯಾಟರಿಯ ಲೆಕ್ಕ

ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಬಳಸುತ್ತಾರೆ. ಇದು ಟ್ರ್ಯಾಕ್ಟರಿನ ಸೀಸದ ಬ್ಯಾಟರಿಯಂತಲ್ಲ. ತೂಕ ಕಡಿಮೆ, ಶಕ್ತಿ ಹೆಚ್ಚು, ಆದರೆ ತಪ್ಪನ್ನು ಸಹಿಸುವ ಗುಣ ಕಡಿಮೆ. ಇದರ ಒಂದೊಂದು ಕೋಶದ ವೋಲ್ಟೇಜನ್ನು ನೆನಪಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ಸುಲಭ.

1. ಪೂರ್ತಿ ಚಾರ್ಜ್ ಆದಾಗ: 4.2 ವೋಲ್ಟ್. ಇದಕ್ಕಿಂತ ಮೇಲೆ ಹೋಗಕೂಡದು.
2. ಹೆಸರಿಗೆ ಹಿಡಿಯುವ ಸರಾಸರಿ: 3.7 ವೋಲ್ಟ್.
3. ಕೆಲಸವಿಲ್ಲದೆ ಇಡುವಾಗ: ಸುಮಾರು 3.8ರಿಂದ 3.85 ವೋಲ್ಟ್.
4. ಯಾವ ಕಾರಣಕ್ಕೂ ಇಳಿಯಬಾರದ ಮಟ್ಟ: 3.0 ವೋಲ್ಟ್.

10 ಲೀಟರ್ ತೊಟ್ಟಿಯ ಡ್ರೋನ್‌ಗಳಲ್ಲಿ 6 ಕೋಶಗಳ ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸುವ ವಾಡಿಕೆಯುಂಟು. ಆಗ ಒಟ್ಟು 12 ಕೋಶಗಳಾಗಿ, ಪೂರ್ತಿ ಚಾರ್ಜಿನಲ್ಲಿ 50.4 ವೋಲ್ಟ್, ಸರಾಸರಿಯಲ್ಲಿ 44.4 ವೋಲ್ಟ್ ಸಿಗುತ್ತದೆ. ಹೀಗೆ ಜೋಡಿಸಿದಾಗ ವೋಲ್ಟೇಜು ಕೂಡುತ್ತದೆಯೇ ಹೊರತು ಆಂಪಿಯರ್-ಗಂಟೆ ಕೂಡುವುದಿಲ್ಲ. ಎರಡೂ 16 ಆಂಪಿಯರ್-ಗಂಟೆಯವಾದರೆ ಜೋಡಿಯ ಸಾಮರ್ಥ್ಯವೂ 16 ಆಂಪಿಯರ್-ಗಂಟೆಯೇ.

ತುಂಬಿದ ತೊಟ್ಟಿಯೊಡನೆ ಹಾರುವಾಗ ಡ್ರೋನ್ 75 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. ಬ್ಯಾಟರಿಯ ಶೇಕಡಾ 80ರಷ್ಟನ್ನು ಮಾತ್ರ ಬಳಸಬೇಕು, ಉಳಿದದ್ದು ಆಪತ್ತಿಗೆ. 16ರಲ್ಲಿ ಶೇಕಡಾ 80 ಎಂದರೆ 12.8. ಇದನ್ನು 75ರಿಂದ ಭಾಗಿಸಿ 60ರಿಂದ ಗುಣಿಸಿದರೆ ಸುಮಾರು 10 ನಿಮಿಷ. ಹೊಸ ಬ್ಯಾಟರಿಗೆ ಬರಬೇಕಾದ ಹಾರಾಟದ ಅವಧಿ ಇಷ್ಟು. ನಿಮ್ಮ ಡ್ರೋನ್ ಎಳೆಯುವ ಆಂಪಿಯರ್ ರಿಮೋಟಿನ ಪರದೆಯಲ್ಲಿ ಕಾಣುವಂತಿದ್ದರೆ ಅದನ್ನು ಹಾಕಿ ನಿಮ್ಮ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು. ಲೆಕ್ಕಕ್ಕೂ ಹಾರಾಟಕ್ಕೂ ಬಹಳ ಅಂತರ ಬಂದರೆ ಎಲ್ಲೋ ದೋಷವಿದೆಯೆಂದು ತಿಳಿಯತಕ್ಕದ್ದು.

ತುಂಬಿದ ಬ್ಯಾಟರಿ ಏಕೆ ಬೇಗ ಬರಿದಾಗುತ್ತದೆ?

ನೆಲದ ಮೇಲೆ ಅಳೆದಾಗ ವೋಲ್ಟೇಜು ಸರಿಯಾಗಿರುತ್ತದೆ. ಡ್ರೋನ್ ಮೇಲೆದ್ದ ಎರಡೇ ನಿಮಿಷಕ್ಕೆ ಬ್ಯಾಟರಿ ಕಡಿಮೆಯಾಯಿತೆಂದು ಎಚ್ಚರಿಕೆ ಕೂಗುತ್ತದೆ. ಇಳಿಸಿ ಅಳೆದರೆ ಮತ್ತೆ ಸರಿಯಾಗಿಯೇ ತೋರುತ್ತದೆ. ಮೀಟರು ಕೆಟ್ಟಿತೆಂದು ಅನೇಕರು ಭಾವಿಸುತ್ತಾರೆ. ಮೀಟರು ಕೆಟ್ಟಿಲ್ಲ, ಬ್ಯಾಟರಿಯ ಒಳತಡೆ ಹೆಚ್ಚಿದೆ.

ಇದನ್ನು ನೀರಿನ ಪೈಪಿಗೆ ಹೋಲಿಸಬಹುದು. ಮೇಲಿನ ತೊಟ್ಟಿ ತುಂಬಿದೆ, ಆದರೆ ಪೈಪಿನೊಳಗೆ ಹೂಳು ಕಟ್ಟಿದೆ. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ನಲ್ಲಿ ತೆರೆದ ಕೂಡಲೇ ಒತ್ತಡ ಬಿದ್ದುಹೋಗುತ್ತದೆ. ಬ್ಯಾಟರಿ ಹಳೆಯದಾದಂತೆ ಅದರೊಳಗೂ ಹೀಗೆಯೇ ತಡೆ ಬೆಳೆಯುತ್ತದೆ.

ಅಂಕಿಗಳಲ್ಲಿ ನೋಡುವುದಾದರೆ, ಒಂದು ಕೋಶದ ಒಳತಡೆ 2 ಮಿಲಿಓಮ್ ಇದ್ದಾಗ 12 ಕೋಶಗಳಿಗೆ 24 ಮಿಲಿಓಮ್. 75 ಆಂಪಿಯರ್ ಹರಿದಾಗ ಒಳಗೇ ನಷ್ಟವಾಗುವ ವೋಲ್ಟೇಜು 1.8. ಅದೇ ಬ್ಯಾಟರಿ ಹಳತಾಗಿ ಒಂದೊಂದು ಕೋಶಕ್ಕೆ 6 ಮಿಲಿಓಮ್ ಆದರೆ ಒಟ್ಟು 72 ಮಿಲಿಓಮ್, ನಷ್ಟ 5.4 ವೋಲ್ಟ್. ನೆಲದ ಮೇಲೆ 45 ವೋಲ್ಟ್ ತೋರಿದ ಜೋಡಿ ಗಾಳಿಯಲ್ಲಿ 39.6 ವೋಲ್ಟಿಗೆ, ಅಂದರೆ ಕೋಶಕ್ಕೆ 3.3 ವೋಲ್ಟಿಗೆ ಇಳಿಯುತ್ತದೆ. ಎಚ್ಚರಿಕೆ ಕೂಗುವುದು ಇದಕ್ಕಾಗಿಯೇ. ನಷ್ಟವಾದ ಶಕ್ತಿ ಶಾಖವಾಗಿ ಪರಿಣಮಿಸುತ್ತದೆ. ಮೊದಲ ಸಂದರ್ಭದಲ್ಲಿ 135 ವ್ಯಾಟ್, ಎರಡನೆಯದರಲ್ಲಿ 405 ವ್ಯಾಟ್. ಹಳೆಯ ಬ್ಯಾಟರಿ ಕೈ ಮುಟ್ಟಲಾಗದಷ್ಟು ಬಿಸಿಯಾಗಿ ಇಳಿಯುವುದರ ಗುಟ್ಟು ಇದು.

ಒಳತಡೆಯನ್ನು ಅಳೆದು ತೋರಿಸುವ ಚಾರ್ಜರುಗಳಿವೆ. ಹೊಸ ಬ್ಯಾಟರಿ ಬಂದ ದಿನವೇ ಅಳೆದು ಬರೆದಿಡಿರಿ. ಆ ಅಂಕಿ ಎರಡರಷ್ಟಾದಾಗ ಬ್ಯಾಟರಿಯನ್ನು ಅರ್ಧ ತೊಟ್ಟಿಯ ಕೆಲಸಕ್ಕೆ ಇಳಿಸಿರಿ. ಇನ್ನೂ ಏರಿದರೆ ಹಾರಾಟದಿಂದ ತೆಗೆದುಬಿಡಿರಿ. ಅಳತೆಯನ್ನು ಪ್ರತಿ ಸಲವೂ ಒಂದೇ ಚಾರ್ಜರಿನಿಂದ, ಬ್ಯಾಟರಿ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿದ್ದಾಗ ಮಾಡಬೇಕು. ಇಲ್ಲವಾದರೆ ಹೋಲಿಕೆ ತಪ್ಪಾಗುತ್ತದೆ.

ಡಿಸೆಂಬರ್, ಜನವರಿಯ ಮುಂಜಾವಿನ ಚಳಿಯಲ್ಲಿ ಒಳ್ಳೆಯ ಬ್ಯಾಟರಿಯೂ ಹೀಗೆ ವರ್ತಿಸುವುದುಂಟು. ತಣ್ಣಗಿರುವಾಗ ಒಳತಡೆ ತಾನಾಗಿಯೇ ಹೆಚ್ಚಿರುತ್ತದೆ. ಅದನ್ನು ಮನೆಯೊಳಗಿಟ್ಟು ಬೆಚ್ಚಗಿರುವಾಗಲೇ ತಂದು, ಖಾಲಿ ತೊಟ್ಟಿಯಲ್ಲಿ ಒಂದು ನಿಮಿಷ ಹಾರಿಸಿ ನಂತರ ಹೊರೆ ಹಾಕಿರಿ. ಬೆಂಕಿಯ ಬಳಿ ಕಾಯಿಸುವುದು ಅಪಾಯಕರ.

ಕೋಶಗಳ ಅಸಮತೆ

ಬ್ಯಾಟರಿಯ ಒಟ್ಟು ವೋಲ್ಟೇಜು ಮೋಸ ಮಾಡಬಲ್ಲದು. 6 ಕೋಶಗಳು ಸೇರಿ 22.2 ವೋಲ್ಟ್ ತೋರಿದರೆ ಒಂದೊಂದೂ 3.7 ಇದೆಯೆಂದು ಹೇಳಲಾಗದು. ಐದು ಕೋಶಗಳು 3.8ರಲ್ಲಿದ್ದು ಒಂದು 3.2ಕ್ಕೆ ಕುಸಿದಿದ್ದರೂ ಮೊತ್ತ 22.2 ಬರುತ್ತದೆ. ಆರು ಎತ್ತುಗಳಲ್ಲಿ ಒಂದು ಕುಂಟಿದರೆ ಬಂಡಿ ನಿಲ್ಲುವಂತೆ ಇಲ್ಲಿಯೂ ಕುಂಟು ಕೋಶವೇ ಹಾರಾಟವನ್ನು ನಿಲ್ಲಿಸುತ್ತದೆ. ಆದ್ದರಿಂದ ಸಣ್ಣ ಬಿಳಿ ಪ್ಲಗ್ಗಿಗೆ ಕೋಶ ಪರೀಕ್ಷಕವನ್ನು ಚುಚ್ಚಿ ಪ್ರತಿ ಕೋಶವನ್ನೂ ಬೇರೆ ಬೇರೆಯಾಗಿ ನೋಡಬೇಕು. ಚಾರ್ಜ್ ಆದ ಮೇಲೂ ಕೋಶಗಳ ನಡುವೆ 0.05 ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ನಿಧಾನವಾಗಿ ಸಮತೋಲನ ಚಾರ್ಜ್ ಮಾಡಿರಿ. ಪ್ರತಿ ಹಾರಾಟದ ನಂತರವೂ ಅದೇ ಕೋಶ 0.1 ವೋಲ್ಟಿಗಿಂತ ಹೆಚ್ಚು ಹಿಂದೆ ಬೀಳುತ್ತಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿಯುತ್ತಾ ಬಂತು.

ಇದೇ ಕಾರಣಕ್ಕಾಗಿ ಜೋಡಿಯ ಎರಡು ಬ್ಯಾಟರಿಗಳನ್ನು ಅಗಲಿಸಕೂಡದು. ಒಂದೇ ದಿನ ಕೊಂಡವನ್ನು 1-ಅ, 1-ಆ ಎಂದು ಗುರುತು ಮಾಡಿ ಕೂಡಿಯೇ ಚಾರ್ಜ್ ಮಾಡಿ ಕೂಡಿಯೇ ಹಾರಿಸಿರಿ. ಹೊಸದಕ್ಕೆ ಹಳೆಯದನ್ನು ಕಟ್ಟಿದರೆ ಹಳೆಯದು ಮಿತಿ ಮೀರಿ ಬರಿದಾಗುತ್ತದೆ.

ಸಂಪರ್ಕಗಳ ಕಿಲುಬು

ಬ್ಯಾಟರಿ ಚೆನ್ನಾಗಿದ್ದೂ ಶಕ್ತಿ ಸಾಲದಿದ್ದರೆ ದೊಡ್ಡ ಪ್ಲಗ್ಗನ್ನು ನೋಡಿರಿ. ಡ್ರೋನಿನ ಮೇಲೆ ಔಷಧಿಯ ತುಂತುರು ಬೀಳುತ್ತಲೇ ಇರುತ್ತದೆ. ತಾಮ್ರಯುಕ್ತ ಶಿಲೀಂಧ್ರನಾಶಕ, ಎಲೆಗೆ ಸಿಂಪಡಿಸುವ ಗೊಬ್ಬರ ಮುಂತಾದವು ಪ್ಲಗ್ಗಿನ ಸಂದಿಗೆ ಇಳಿದು ಕಿಲುಬು ಹಿಡಿಸುತ್ತವೆ. ಕೇವಲ 5 ಮಿಲಿಓಮ್ ತಡೆ ಉಂಟಾದರೂ 75 ಆಂಪಿಯರಿನಲ್ಲಿ ಅಲ್ಲಿ 28 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ದುರಸ್ತಿ ಮಾಡುವವರ 25 ವ್ಯಾಟಿನ ಬೆಸುಗೆ ಕಡ್ಡಿಗಿಂತ ಇದು ಹೆಚ್ಚು. ಬೆಸುಗೆಯೇ ಕರಗಿ ತಂತಿ ಕಳಚಿಕೊಳ್ಳಬಹುದು.

ಹಾರಾಟ ಮುಗಿದ ಕೂಡಲೇ ಪ್ಲಗ್ಗಿನ ಹೊರಮೈಯನ್ನು ಮುಟ್ಟಿ ನೋಡುವುದೇ ಇದಕ್ಕೆ ಸುಲಭ ಪರೀಕ್ಷೆ. ಬ್ಯಾಟರಿಗಿಂತ ಪ್ಲಗ್ಗೇ ಹೆಚ್ಚು ಬಿಸಿಯಾಗಿದ್ದರೆ ದೋಷ ಅಲ್ಲಿದೆ. ಕಂದಿದ, ಕಪ್ಪಾದ ಅಥವಾ ಸಡಿಲವಾದ ಪ್ಲಗ್ಗನ್ನು ಬದಲಾಯಿಸಿರಿ. ಪ್ರತಿ ದಿನದ ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಡ್ರೋನಿನ ಮೈಯನ್ನೂ, ಒಣ ಬಟ್ಟೆಯಿಂದ ಪ್ಲಗ್ಗುಗಳನ್ನೂ ಒರೆಸುವುದು ಅವಶ್ಯ. ಇದನ್ನು ಬ್ಯಾಟರಿ ತೆಗೆದ ಮೇಲೆಯೇ ಮಾಡಬೇಕು, ಕೈಗವಸು ಧರಿಸಿರಬೇಕು.

ಚಾರ್ಜ್ ಮಾಡುವಾಗ

16 ಆಂಪಿಯರ್-ಗಂಟೆಯ ಬ್ಯಾಟರಿಯನ್ನು 16 ಆಂಪಿಯರಿನಲ್ಲಿ ಚಾರ್ಜ್ ಮಾಡಿದರೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ತಯಾರಕರು ಒಪ್ಪಿದ್ದರೆ ಮಾತ್ರ ಇದಕ್ಕಿಂತ ಬೇಗ ಮಾಡಬಹುದು. ಜೋಡಿಯೊಂದಕ್ಕೆ ಈ ವೇಗದಲ್ಲಿ ಸುಮಾರು 800 ವ್ಯಾಟ್, ಚಾರ್ಜರಿನ ನಷ್ಟ ಸೇರಿ 1 ಕಿಲೋವ್ಯಾಟ್‌ನಷ್ಟು ವಿದ್ಯುತ್ ಬೇಕು. ಹೊಲದಲ್ಲಿ ಜನರೇಟರ್ ಇಡುವವರು ಇದನ್ನು ಗಮನಿಸಬೇಕು. ಸಣ್ಣ ಜನರೇಟರಿಗೆ ಎರಡು ಜೋಡಿಗಳನ್ನು ಹಾಕಿದಾಗ ವೋಲ್ಟೇಜು ಕುಸಿದು ಚಾರ್ಜರು ನಡುವೆ ನಿಲ್ಲುತ್ತದೆ. ಅರೆ ಚಾರ್ಜಾದ ಬ್ಯಾಟರಿಯನ್ನು ಪೂರ್ತಿಯೆಂದು ನಂಬಿ ಹಾರಿಸುವುದು ಹೀಗೆಯೇ ಆಗುತ್ತದೆ.

ಹಾರಾಟದಿಂದ ಬಂದ ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕುವುದು ಅದರ ಆಯಸ್ಸನ್ನು ಕಡಿದಂತೆ. ನೆರಳಿನಲ್ಲಿ 20 ನಿಮಿಷವಾದರೂ ಆರಲು ಬಿಡಿರಿ. ಆರಲು 20 ನಿಮಿಷ, ಚಾರ್ಜಿಗೆ 60 ನಿಮಿಷ, ಒಟ್ಟು 80 ನಿಮಿಷ. ಹಾರಾಟ ಮತ್ತು ತೊಟ್ಟಿ ತುಂಬುವ ಕೆಲಸ ಸೇರಿ 15 ನಿಮಿಷಕ್ಕೊಂದು ಜೋಡಿ ಬೇಕಾಗುತ್ತದೆ. ಬಿಡುವಿಲ್ಲದೆ ಸಿಂಪಡಿಸಬೇಕಾದರೆ ಕನಿಷ್ಠ 6ರಿಂದ 7 ಜೋಡಿಗಳಿರಬೇಕೆಂದು ಇದರಿಂದ ತಿಳಿಯುತ್ತದೆ. ಜೊತೆಗೆ ಒಂದಕ್ಕಿಂತ ಹೆಚ್ಚು ಜೋಡಿಗಳು ಏಕಕಾಲಕ್ಕೆ ಚಾರ್ಜಿನಲ್ಲಿರುವಷ್ಟು ಚಾರ್ಜರು ಮತ್ತು ಜನರೇಟರಿನ ಬಲವೂ ಬೇಕು. ಮೂರು ಜೋಡಿಗಳನ್ನಿಟ್ಟುಕೊಂಡು ದಿನವಿಡೀ ಹಾರಿಸಲು ಹೋದವರು ಬಿಸಿ ಬ್ಯಾಟರಿಗಳನ್ನು ಚಾರ್ಜ್ ಮಾಡಿಯೇ ಅವನ್ನು ಕೆಡಿಸಿಕೊಳ್ಳುತ್ತಾರೆ.

ಎರಡು ಮೂರು ದಿನಕ್ಕಿಂತ ಹೆಚ್ಚು ಕೆಲಸವಿಲ್ಲದಿದ್ದರೆ ಪೂರ್ತಿ ಚಾರ್ಜಿನಲ್ಲಾಗಲೀ ಬರಿದಾಗಿಯಾಗಲೀ ಇಡಕೂಡದು. 6 ಕೋಶದ ಬ್ಯಾಟರಿಗೆ ಸುಮಾರು 23 ವೋಲ್ಟ್ ಇರುವಂತೆ ಮಾಡಿ ತಂಪಾದ ಜಾಗದಲ್ಲಿಡಿರಿ. ಮುಂದಿನ ಹಂಗಾಮಿನವರೆಗೆ ಇಡುವುದಾದರೆ ತಿಂಗಳಿಗೊಮ್ಮೆ ಅಳೆಯಿರಿ.

ರೇಡಿಯೋ ಸಂಪರ್ಕದ ಗುಣ

ಹಿಂದೆ ಆಟದ ವಿಮಾನಗಳು 27, 35 ಅಥವಾ 72 ಮೆಗಾಹರ್ಟ್ಸ್ ತರಂಗಗಳಲ್ಲಿ, ಹರಳಿನ ಜೋಡಿಗಳ ಆಧಾರದಿಂದ ನಡೆಯುತ್ತಿದ್ದವು. ಒಂದೇ ಮೈದಾನದಲ್ಲಿ ಇಬ್ಬರ ಹರಳು ಒಂದೇ ಆಗಿದ್ದರೆ ವಿಮಾನ ಬೀಳುವುದು ಖಚಿತವಾಗಿತ್ತು. ಈಗಿನ ರಿಮೋಟುಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ತರಂಗದವು. ಅವು ಒಂದೇ ಕಡೆ ನಿಲ್ಲದೆ ಕ್ಷಣಕ್ಷಣಕ್ಕೂ ಜಾಗ ಬದಲಿಸುತ್ತಾ ಮಾತನಾಡುತ್ತವೆ. ಇದರಿಂದ ಒಬ್ಬರ ರಿಮೋಟ್ ಇನ್ನೊಬ್ಬರದಕ್ಕೆ ಅಡ್ಡಬರುವ ಭಯ ಬಹಳ ಕಡಿಮೆಯಾಗಿದೆ. ಆದರೆ ಹೊಸ ತೊಂದರೆಗಳು ಬಂದಿವೆ.

2.4 ಗಿಗಾಹರ್ಟ್ಸ್ ತರಂಗದ ಉದ್ದ ಕೇವಲ 12.5 ಸೆಂಟಿಮೀಟರ್. ಇದು ಲಾಟೀನಿನ ಬೆಳಕಿನಂತೆ ನೇರವಾಗಿ ಸಾಗುತ್ತದೆ, ಅಡ್ಡ ಬಂದದ್ದರ ಹಿಂದೆ ಮಂಕಾಗುತ್ತದೆ. ನೀರು ಇದನ್ನು ಹೀರುತ್ತದೆ. ಆಳೆತ್ತರದ ಹಸಿ ಕಬ್ಬು, ಮಳೆಯಲ್ಲಿ ನೆನೆದ ತೋಟ, ಕೊನೆಗೆ ಹಾರಿಸುವವನ ಸ್ವಂತ ಮೈ ಕೂಡ ಇದಕ್ಕೆ ಗೋಡೆಯೇ. ಕಬ್ಬಿನ ಗದ್ದೆಯ ಕೊನೆಯಲ್ಲಿ ಡ್ರೋನ್ ಬೆಳೆಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿರುವಾಗ ಸಂಪರ್ಕ ಕಡಿಯುವುದು ಈ ಕಾರಣದಿಂದ. ರಿಮೋಟ್ ರಿಪೇರಿಗೆ ಕೊಡುವ ಮೊದಲು ಎತ್ತರದ ಬದುವಿನ ಮೇಲೋ ಟ್ರೈಲರಿನ ಮೇಲೋ ನಿಂತು ನೋಡಿರಿ. ಡ್ರೋನ್ ಕಣ್ಣಿಗೆ ಕಂಡರೆ ರೇಡಿಯೋಗೂ ಬಹುಮಟ್ಟಿಗೆ ಕಾಣುತ್ತದೆ.

ರಿಮೋಟಿನ ಏರಿಯಲ್ ಕಡ್ಡಿಯ ತುದಿಯನ್ನು ಡ್ರೋನಿನ ಕಡೆಗೆ ಚಾಚುವುದು ಸಾಮಾನ್ಯ ತಪ್ಪು. ಕಡ್ಡಿಯ ತುದಿಯಿಂದ ಅತಿ ಕಡಿಮೆ, ಪಕ್ಕಗಳಿಂದ ಅತಿ ಹೆಚ್ಚು ತರಂಗ ಹೊರಡುತ್ತದೆ. ಆದುದರಿಂದ ಕಡ್ಡಿಯ ಪಕ್ಕ ಡ್ರೋನಿಗೆ ಎದುರಾಗಿರಬೇಕು. ಚಪ್ಪಟೆ ಏರಿಯಲ್ ಇರುವ ರಿಮೋಟುಗಳಲ್ಲಿ ತಯಾರಕರ ಪುಸ್ತಕ ಹೇಳಿದಂತೆ ನಡೆಯಿರಿ. ಡ್ರೋನಿನ ಮೇಲಿರುವ ಎರಡು ಏರಿಯಲ್‌ಗಳು ಒಂದಕ್ಕೊಂದು ಲಂಬವಾಗಿರುವಂತೆ ಕಟ್ಟಿದ್ದರೆ ಹಾಗೆಯೇ ಉಳಿಸಿರಿ. ಡ್ರೋನಿನ ಕೈಗಳನ್ನು ಮಾಡಿರುವ ಇಂಗಾಲದ ನಾರು ವಿದ್ಯುತ್ತನ್ನು ಹರಿಸುವ ವಸ್ತುವಾದ್ದರಿಂದ ತರಂಗವನ್ನು ತಡೆಯುತ್ತದೆ. ಏರಿಯಲ್ ತಂತಿಯನ್ನು ಅದಕ್ಕಾಗಲೀ ಬ್ಯಾಟರಿಗಾಗಲೀ ಅಂಟಿಸಿ ಕಟ್ಟಬಾರದು. ರಿಸೀವರಿನಿಂದ ಹೊರಬರುವ ಏರಿಯಲ್ ತಂತಿಯ ಸಿಪ್ಪೆ ಸುಲಿದ ಕೊನೆಯ ಸುಮಾರು 3 ಸೆಂಟಿಮೀಟರ್ ಭಾಗವೇ ನಿಜವಾದ ಏರಿಯಲ್. ಅದು ಮುರಿದರೆ ಹತ್ತಿರದಲ್ಲಿ ಎಲ್ಲವೂ ಸರಿಯಾಗಿ ಕಂಡು, ದೂರ ಹೋದಂತೆ ಸಂಪರ್ಕ ತಪ್ಪುತ್ತದೆ.

ರೇಡಿಯೋ ದೋಷದಂತೆ ಕಾಣುವ ಬೇರೆ ದೋಷಗಳು

ಮೊದಲನೆಯದು, ವೋಲ್ಟೇಜಿನ ಕುಸಿತ. ಆಟದ ವಿಮಾನದ ರೆಕ್ಕೆ ಅಲ್ಲಾಡಿಸುವ ಸಣ್ಣ ಮೋಟಾರು ಸಿಕ್ಕಿಹಾಕಿಕೊಂಡು ಹೆಚ್ಚು ವಿದ್ಯುತ್ ಎಳೆದಾಗ ರಿಸೀವರಿಗೆ ವಿದ್ಯುತ್ ಸಾಲದೆ ಅದು ಕ್ಷಣಕಾಲ ನಿಂತು ಮತ್ತೆ ಶುರುವಾಗುತ್ತದೆ. ಹಾರಿಸುವವನು ರೇಡಿಯೋ ಕೆಟ್ಟಿತೆನ್ನುತ್ತಾನೆ. ಡ್ರೋನಿನಲ್ಲಿಯೂ ರಿಸೀವರಿಗೆ ವಿದ್ಯುತ್ ಕೊಡುವ ಸಣ್ಣ ಘಟಕ ಅಥವಾ ಅದರ ಪ್ಲಗ್ಗು ಸಡಿಲವಾಗಿದ್ದರೆ ಹೀಗಾಗಬಹುದು. ದೂರದಲ್ಲಿ ಮಾತ್ರ ಸಂಪರ್ಕ ಕಡಿದರೆ ರೇಡಿಯೋ ದೋಷ. ಹತ್ತಿರದಲ್ಲಿಯೇ, ಅದರಲ್ಲಿಯೂ ಹೊರೆ ಹೆಚ್ಚಾದಾಗ ಕಡಿದರೆ ವಿದ್ಯುತ್ತಿನ ದೋಷವೆಂದು ಮೊದಲು ಸಂಶಯಿಸಿರಿ.

ಎರಡನೆಯದು, ದಿಕ್ಸೂಚಿಯ ಗೊಂದಲ. ಟ್ರ್ಯಾಕ್ಟರ್, ನೀರಿನ ಟ್ಯಾಂಕರ್, ಮುಳ್ಳುತಂತಿಯ ಬೇಲಿ, ಕೊಳವೆಬಾವಿಯ ಕಬ್ಬಿಣದ ಪೈಪುಗಳ ಪಕ್ಕದಿಂದ ಹಾರಿಸಿದರೆ ಡ್ರೋನ್ ಸುತ್ತಿಕೊಂಡು ಓಡಬಹುದು. ರಿಮೋಟ್ ಸರಿಯಾಗಿಯೇ ಇರುತ್ತದೆ. ಯಂತ್ರವನ್ನು ಕಬ್ಬಿಣದಿಂದ ಹತ್ತಾರು ಹೆಜ್ಜೆ ದೂರ ಒಯ್ದು ದಿಕ್ಸೂಚಿಯನ್ನು ಪುನಃ ಸರಿಹೊಂದಿಸಿರಿ.

ಮೂರನೆಯದು, ರಿಮೋಟಿನ ಸ್ವಂತ ಬ್ಯಾಟರಿ. ಡ್ರೋನಿನ ಬ್ಯಾಟರಿಗಳನ್ನು ಜೋಪಾನ ಮಾಡಿ ರಿಮೋಟಿನದನ್ನು ಮರೆಯುವವರು ಉಂಟು.

ಸಂಪರ್ಕ ತಪ್ಪಿದರೆ ಡ್ರೋನ್ ಏನು ಮಾಡಬೇಕು?

ಇದನ್ನು ಮೊದಲೇ ನಿರ್ಧರಿಸಿ ಯಂತ್ರದಲ್ಲಿ ಹೊಂದಿಸಿರಬೇಕು. ಸಾಮಾನ್ಯವಾಗಿ ಹೊರಟ ಜಾಗಕ್ಕೆ ತಾನೇ ಮರಳುವಂತೆ ಹೊಂದಿಸುತ್ತಾರೆ. ಆದರೆ ಮರಳುವ ಎತ್ತರ ಎಷ್ಟೆಂದು ಗಮನಿಸುವವರು ಕಡಿಮೆ. ಬಯಲು ಹೊಲಕ್ಕೆಂದು 5 ಮೀಟರ್ ಇಟ್ಟ ಡ್ರೋನನ್ನು ಮರುದಿನ ತೆಂಗಿನ ತೋಟದ ಪಕ್ಕ ಹಾರಿಸಿದರೆ ಅದು ನೇರವಾಗಿ ಮರಕ್ಕೋ ವಿದ್ಯುತ್ ತಂತಿಗೋ ಬಡಿಯುತ್ತದೆ. ಹೊಲ ಬದಲಾದಾಗಲೆಲ್ಲ ಅಲ್ಲಿನ ಅತಿ ಎತ್ತರದ ಮರ, ಕಂಬಗಳನ್ನು ನೋಡಿ ಅದಕ್ಕಿಂತ ಮೇಲಿರುವಂತೆ ಎತ್ತರವನ್ನು ತಿದ್ದಿರಿ. ಬ್ಯಾಟರಿಯ ಶೇಕಡಾ 20ನ್ನು ಉಳಿಸಬೇಕೆಂದು ಹೇಳಿದ್ದು ಈ ಮರುಪ್ರಯಾಣಕ್ಕಾಗಿ.

ಹೊಲಕ್ಕೆ ಹೊರಡುವ ಮೊದಲು ಪರೀಕ್ಷೆ

1. ಪಂಖಗಳನ್ನು ಕಳಚಿಡಿರಿ. ರಿಮೋಟನ್ನು ಮೊದಲು, ಡ್ರೋನನ್ನು ನಂತರ ಚಾಲೂ ಮಾಡಿರಿ. ನಿಲ್ಲಿಸುವಾಗ ಡ್ರೋನ್ ಮೊದಲು, ರಿಮೋಟ್ ನಂತರ.
2. ಪ್ರತಿ ಕೋಶದ ವೋಲ್ಟೇಜನ್ನು ನೋಡಿ ಬರೆಯಿರಿ.
3. ರಿಮೋಟಿನಲ್ಲಿ ದೂರ ಪರೀಕ್ಷೆಯ ಸೌಲಭ್ಯವಿದ್ದರೆ ಅದನ್ನು ಬಳಸಿರಿ. ಇದರಲ್ಲಿ ಪ್ರಸಾರದ ಬಲ ಬಹಳ ತಗ್ಗುತ್ತದೆ. ತಯಾರಕರು ಹೇಳಿದಷ್ಟು, ಸಾಮಾನ್ಯವಾಗಿ ಸುಮಾರು 30 ಮೀಟರ್ ದೂರ ನಡೆದು ಸಂಪರ್ಕ ಉಳಿಯುವುದೇ ನೋಡಿರಿ.
4. ರಿಮೋಟನ್ನು ಆರಿಸಿ, ಸಂಪರ್ಕ ತಪ್ಪಿದ ಎಚ್ಚರಿಕೆ ಬರುವುದನ್ನು ಖಚಿತಪಡಿಸಿಕೊಳ್ಳಿರಿ.
5. ಎಲ್ಲವೂ ಸರಿಯಿದ್ದರೆ ಪಂಖ ಜೋಡಿಸಿ, ತೊಟ್ಟಿಗೆ ಬರಿ ನೀರು ಹಾಕಿ ಎರಡು ನಿಮಿಷ ಹಾರಿಸಿರಿ. ಔಷಧಿ ಕಲಸುವುದು ಇದಾದ ನಂತರ.

ದೋಷ ಬಂದಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಬ್ಯಾಟರಿ, ಪ್ಲಗ್ಗು, ಏರಿಯಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಕೆಟ್ಟದ್ದು ಯಾವುದೆಂದು ತಿಳಿಯದೆ, ಕೆಟ್ಟ ಬಿಡಿಭಾಗ ಮತ್ತೆ ಪೆಟ್ಟಿಗೆಗೆ ಸೇರುತ್ತದೆ.

ಉಬ್ಬಿದ ಬ್ಯಾಟರಿ ಮತ್ತು ಬೆಂಕಿ

ಉಬ್ಬಿದ, ಹೊಡೆತ ತಿಂದ, ಸಿಹಿ ವಾಸನೆ ಬರುವ ಬ್ಯಾಟರಿಯನ್ನು ಚಾರ್ಜ್ ಮಾಡಕೂಡದು, ಚುಚ್ಚಕೂಡದು. ಗೋವಿನ ಜೋಳದ ಮೂಟೆ, ಹೊಟ್ಟು, ಮೇವು ಇರುವ ಕೋಣೆಯಲ್ಲಾಗಲೀ ಮಲಗುವ ಕೋಣೆಯಲ್ಲಾಗಲೀ ಚಾರ್ಜಿಗೆ ಹಾಕಿ ನಿದ್ದೆ ಹೋಗಬಾರದು. ಕಲ್ಲುಚಪ್ಪಡಿ ಅಥವಾ ಸಿಮೆಂಟು ನೆಲದ ಮೇಲೆ, ಕಣ್ಣೆದುರಿನಲ್ಲಿ, ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇಟ್ಟುಕೊಂಡು ಚಾರ್ಜ್ ಮಾಡಿರಿ. ಹೊಗೆ ಬಂದರೆ ಅದನ್ನು ಉಸಿರಾಡಬೇಡಿರಿ, ಅದು ವಿಷಕಾರಿ. ಮನೆಯವರನ್ನು ದೂರ ಕಳುಹಿಸುವುದು ಮೊದಲ ಕೆಲಸ, ಬ್ಯಾಟರಿಯನ್ನು ಉಳಿಸುವುದಲ್ಲ. ಕೆಟ್ಟ ಬ್ಯಾಟರಿಯನ್ನು ತಿಪ್ಪೆಗಾಗಲೀ ಕೆರೆಗಾಗಲೀ ಎಸೆಯದೆ ಮಾರಿದವರ ಮೂಲಕ ಹಿಂತಿರುಗಿಸಿರಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇದರ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ.

2021ರ ಡ್ರೋನ್ ನಿಯಮಗಳಂತೆ ಇಂತಹ ಯಂತ್ರ ಹಾರಿಸಲು ತರಬೇತಿ ಮತ್ತು ಪ್ರಮಾಣಪತ್ರ ಅಗತ್ಯ. 2023ರಲ್ಲಿ ಒಪ್ಪಿಗೆ ಪಡೆದ ಯೋಜನೆಯೊಂದರಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ನೀಡುವ ಗುರಿ ಇಡಲಾಗಿತ್ತು. ಹಾರಿಸುವುದನ್ನು ಕಲಿತ ಸೋದರಿಯರಿಗೆ ಮೀಟರು ಹಿಡಿದು ಕೋಶ ಅಳೆಯುವುದನ್ನೂ ಕಲಿಸಿದರೆ ಅವರು ಪ್ರತಿಯೊಂದಕ್ಕೂ ದೂರದ ದುರಸ್ತಿಗಾರನನ್ನು ಕಾಯಬೇಕಾಗಿಲ್ಲ. ವಿಸ್ತರಣಾ ಕಾರ್ಯಕರ್ತರು ಈ ಕಡೆ ಗಮನ ಕೊಡುವುದು ಒಳ್ಳೆಯದು.

ಸಾರಾಂಶ

ಕೋಶಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಜೋಡಿಯನ್ನು ಅಗಲಿಸಬೇಡಿರಿ. ಬಿಸಿ ಬ್ಯಾಟರಿಗೆ ಚಾರ್ಜ್ ಬೇಡ. ಪ್ಲಗ್ಗುಗಳನ್ನು ಸ್ವಚ್ಛವಾಗಿಡಿರಿ. ಏರಿಯಲ್ಲಿನ ಪಕ್ಕವನ್ನು ಡ್ರೋನಿಗೆ ತೋರಿಸಿರಿ. ಮರಳುವ ಎತ್ತರವನ್ನು ಹೊಲಕ್ಕೆ ತಕ್ಕಂತೆ ತಿದ್ದಿರಿ. ಎರಡು ರೂಲುಪಟ್ಟಿ ಪುಸ್ತಕದಲ್ಲಿ ಬ್ಯಾಟರಿಯ ಸಂಖ್ಯೆ, ದಿನಾಂಕ, ಹಾರಿದ ನಿಮಿಷ, ಇಳಿದ ಮೇಲಿನ ವೋಲ್ಟೇಜು, ಒಳತಡೆ ಇಷ್ಟನ್ನು ಬರೆಯುತ್ತಾ ಬಂದರೆ, ಯಾವ ಬ್ಯಾಟರಿ ಸೋಲುತ್ತಿದೆಯೆಂಬುದು ಹಂಗಾಮಿನ ನಡುವೆ ಅಲ್ಲ, ಅದಕ್ಕೆ ಮೊದಲೇ ತಿಳಿಯುತ್ತದೆ.